ಯುರೋಪಿನ ಕೋಟೆನಗರದ ಹಳೆಯ ಕೆತ್ತನೆ ಚಿತ್ರ: ಅಸಲಿ ಎಂದು ತಿಳಿಯುವುದು ಹೇಗೆ?

ಪ್ರಶ್ನೆ (ಚಿಕ್ಕಬಳ್ಳಾಪುರದ ಸದಸ್ಯ):

ಮಾನ್ಯರೇ, ಹಳೆಯ ಸಾಮಾನುಗಳ ಅಂಗಡಿಯಲ್ಲಿ ಕೊಂಡ ಕೆತ್ತನೆ ಚಿತ್ರವೊಂದು ನನ್ನ ಬಳಿ ಇದೆ. ಇಟಲಿಯ ಪಾಲ್ಮನೋವಾ ನಗರವನ್ನು ಆಕಾಶದಿಂದ ಕಂಡಂತೆ ಬಿಡಿಸಿದ್ದಾರೆ: ಒಂಬತ್ತು ಮೂಲೆಗಳ ನಕ್ಷತ್ರದಂಥ ಕೋಟೆ, ಸುತ್ತಲೂ ಕಂದಕ, ನಡುವಿನ ಬಯಲಿನಿಂದ ಹೊರಡುವ ನೇರ ಬೀದಿಗಳು. ಬ್ರೌನ್ ಮತ್ತು ಹೋಗೆನ್‌ಬೆರ್ಗ್ ಅವರ ನಗರಚಿತ್ರ ಸಂಪುಟದಿಂದ ಬೇರ್ಪಟ್ಟ ಹಾಳೆ ಇದೆಂದು ಅಂಗಡಿಯವರು ಹೇಳಿದರು. ಇದನ್ನು ಪರೀಕ್ಷಿಸುವ ಬಗೆ ಯಾವುದು? ನಂದಿದುರ್ಗದಂಥ ಬೆಟ್ಟದ ಕೋಟೆಗಳನ್ನೇ ನೋಡಿ ಬೆಳೆದ ನನಗೆ, ಬಯಲಿನಲ್ಲಿ ಇಷ್ಟು ತಗ್ಗಾದ ಗೋಡೆಗೆ ಈ ಚೂಪು ಮೂಲೆಗಳೇಕೆ ಎಂಬುದೂ ತಿಳಿಯುತ್ತಿಲ್ಲ.

ಉತ್ತರ 1 (ತುಮಕೂರಿನ ಸದಸ್ಯೆ):

ಮೊದಲು ಚಿತ್ರವನ್ನು ಚೌಕಟ್ಟಿನಿಂದ ಹೊರಗೆ ತೆಗೆಸಿರಿ. ಗಾಜಿನ ಹಿಂದೆ ಇರುವವರೆಗೆ ಯಾವ ತೀರ್ಮಾನಕ್ಕೂ ಬರಲಾಗದು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಆ ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಉರುಳೆಗಳ ನಡುವೆ ಬಲವಾಗಿ ಒತ್ತುತ್ತಿದ್ದುದರಿಂದ, ತಗಡಿನ ಅಂಚು ಕಾಗದದಲ್ಲಿ ಚಿತ್ರದ ಸುತ್ತ ತಗ್ಗಾದ ಗುರುತನ್ನು ಉಳಿಸುತ್ತದೆ. ಅಂಚನ್ನು ಕತ್ತರಿಸಿದ ಹಾಳೆಯಲ್ಲಿ ಅದು ಸಿಗದೇ ಇರಬಹುದು. ಆದರೆ ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಗಳು ಕಡಿಯದೆ ಸಾಗಬೇಕು. ಸಣ್ಣ ಸಣ್ಣ ಚುಕ್ಕಿಗಳ ಜಾಲ ಕಂಡರೆ ಅದು ಇತ್ತೀಚಿನ ಅಚ್ಚು, ಮುಂದೆ ಪರೀಕ್ಷಿಸುವ ಅಗತ್ಯವೇ ಇಲ್ಲ. ಬಣ್ಣವನ್ನು ಆಗ ಕೈಯಿಂದ ಹಚ್ಚುತ್ತಿದ್ದರು, ಹಾಗಾಗಿ ಅದು ಅಲ್ಲಲ್ಲಿ ಗೆರೆ ದಾಟಿ ಹರಿದಿರುವುದು ದೋಷವಲ್ಲ. ಹಳೆಯ ಹಾಳೆಗೆ ಹೊಸದಾಗಿ ಬಣ್ಣ ಹಚ್ಚಿ ಮಾರುವವರೂ ಇದ್ದಾರೆ, ಬಣ್ಣವನ್ನೇ ಸಾಕ್ಷಿಯೆಂದು ನಂಬಬೇಡಿ.

ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಆ ಕಾಲದ ಕೈಕಾಗದದಲ್ಲಿ, ಕಾಗದ ತಯಾರಿಸುವ ಜಾಲರಿಯ ತಂತಿಗಳ ಗುರುತು ಸಾಲುಸಾಲಾಗಿ ಎದ್ದು ಕಾಣುತ್ತದೆ. ತಂತಿಯ ಗುರುತಿಲ್ಲದ ನಯವಾದ ಕಾಗದ ಯುರೋಪಿನಲ್ಲಿ ಬಳಕೆಗೆ ಬಂದದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ. ನೀವು ಹೇಳುವ ಸಂಪುಟಗಳು ಒಟ್ಟು ಆರು, 1572ರಿಂದ 1617ರವರೆಗೆ ಜರ್ಮನಿಯ ಕಲೋನಿನಲ್ಲಿ ಹೊರಬಂದವು. ಚಿತ್ರಗಳು ಎರಡು ಪುಟಗಳಷ್ಟು ಅಗಲವಿದ್ದುದರಿಂದ ನಡುವೆ ಮಡಿಕೆಯ ಗೆರೆಯೂ, ಹಿಂಬದಿಯಲ್ಲಿ ಲ್ಯಾಟಿನ್, ಜರ್ಮನ್ ಅಥವಾ ಫ್ರೆಂಚ್ ಭಾಷೆಯ ವಿವರಣೆಯೂ ಇರುತ್ತವೆ. ತಗಡುಗಳು ಮುಂದೆ ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕರ ಕೈಸೇರಿ ಮತ್ತೆ ಅಚ್ಚಾದವಾದ್ದರಿಂದ, ಹಿಂಬದಿ ಖಾಲಿಯಿದ್ದ ಮಾತ್ರಕ್ಕೆ ನಕಲಿ ಎನ್ನಲಾಗದು. ಅಂದ ಹಾಗೆ, ಮೊದಲ ಸಂಪುಟದಲ್ಲಿ ನಮ್ಮ ಕಲ್ಲಿಕೋಟೆ ಮತ್ತು ಕಣ್ಣೂರುಗಳ ನೋಟವೂ ಇದೆ.

ಉತ್ತರ 2 (ಮಧುಗಿರಿಯ ಸದಸ್ಯ):

ನಕ್ಷತ್ರದ ಆಕಾರಕ್ಕೆ ಕಾರಣ ಫಿರಂಗಿ. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ ಇಟಲಿಗೆ ತಂದ ಫಿರಂಗಿಗಳ ಮುಂದೆ ಎತ್ತರದ ಹಳೆಯ ಗೋಡೆಗಳು ನಿಲ್ಲಲಿಲ್ಲ. ಆದ್ದರಿಂದ ಗೋಡೆಯನ್ನು ತಗ್ಗಿಸಿ, ದಪ್ಪವಾಗಿಸಿ, ಗುಂಡಿನ ಹೊಡೆತವನ್ನು ನುಂಗುವಂತೆ ಒಳಗೆ ಮಣ್ಣು ತುಂಬತೊಡಗಿದರು. ದುಂಡನೆಯ ಬುರುಜಿನ ಬುಡಕ್ಕೆ ವೈರಿ ಅಂಟಿಕೊಂಡರೆ ಅಕ್ಕಪಕ್ಕದ ಬುರುಜುಗಳಿಂದ ಅವನಿಗೆ ಗುಂಡು ತಗಲದು. ಚೂಪಾಗಿ ಮುಂದೆ ಚಾಚಿದ ಕೊತ್ತಲವಿದ್ದರೆ ಒಂದರ ಬುಡವನ್ನು ಇನ್ನೊಂದು ಕಾಯುತ್ತದೆ. ನಮ್ಮ ಮಧುಗಿರಿಯಲ್ಲಾಗಲಿ ನಂದಿಯಲ್ಲಾಗಲಿ ಈ ಕೆಲಸವನ್ನು ಬಹುಪಾಲು ಬಂಡೆಯ ಕಡಿದಾದ ಇಳಿಜಾರೇ ಮಾಡುತ್ತಿತ್ತು. ಆದರೂ 1791ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಫಿರಂಗಿಗಳನ್ನು ಮೇಲಕ್ಕೆ ಎಳೆಸಿ, ಗೋಡೆ ಒಡೆದು ನಂದಿದುರ್ಗವನ್ನು ಹಿಡಿಯಿತು.

ಚಿತ್ರವನ್ನು ಯಥಾವತ್ ನೋಟವೆಂದು ಓದಬಾರದು ಎಂಬುದು ನನ್ನ ಅಭಿಪ್ರಾಯ. ವೆನಿಸ್ ಗಣರಾಜ್ಯ ಪಾಲ್ಮನೋವಾಕ್ಕೆ ಅಡಿಪಾಯ ಹಾಕಿದ್ದು 1593ರಲ್ಲಿ. ಅಲ್ಲಿ ನೆಲೆಸಲು ಜನ ಸಿಗದೆ, 1622ರಲ್ಲಿ ಕೈದಿಗಳಿಗೆ ಕ್ಷಮಾದಾನ ಕೊಟ್ಟು ನಿವೇಶನ ಹಂಚಬೇಕಾಯಿತು. ಕೆತ್ತನೆಗಾರ ತೋರಿಸಿರುವ ಆ ಅಚ್ಚುಕಟ್ಟು, ಬಹುಮಟ್ಟಿಗೆ ಯೋಜನೆಯ ಅಚ್ಚುಕಟ್ಟು.

ಉತ್ತರ 3 (ಕೋಲಾರದ ಸದಸ್ಯೆ):

ಮತ್ತೆ ಚೌಕಟ್ಟು ಹಾಕಿಸುವಾಗ ಹಾಳೆಯನ್ನು ರಟ್ಟಿಗೆ ಅಂಟಿಸಲು ಬಿಡಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಆಮ್ಲವಿಲ್ಲದ ರಟ್ಟನ್ನು ಕೇಳಿ ಹಾಕಿಸಿ, ಚಿತ್ರ ಗಾಜಿಗೆ ತಾಗದಂತೆ ನೋಡಿಕೊಂಡು, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.