ಟರ್ಕಿಯ ರಾಷ್ಟ್ರೀಯವಾದ: ಎಲ್ಲಿ ಹುಟ್ಟಿತು, ಇಂದು ಎಷ್ಟು ಬಲವಾಗಿದೆ?

ಪ್ರಶ್ನೆ (ಚರಿತ್ರೆಯ ಓದುಗ):
ಹಲವು ಧರ್ಮ, ಹಲವು ನುಡಿಗಳ ಜನರನ್ನು ಶತಮಾನಗಳ ಕಾಲ ಆಳಿದ ಆಟೊಮನ್ ಸಾಮ್ರಾಜ್ಯದ ಅವಶೇಷಗಳಿಂದ ಎದ್ದ ಗಣರಾಜ್ಯವು ತನ್ನ ಪೌರರೆಲ್ಲರೂ ತುರ್ಕರೇ ಎಂದು ಸಾರಿತು. ಇಷ್ಟು ದೊಡ್ಡ ಪಲ್ಲಟಕ್ಕೆ ಬೇಕಾದ ವಿಚಾರ ಎಲ್ಲಿಂದ ಬಂತು? ಎಲ್ಲವನ್ನೂ ಗಣರಾಜ್ಯದ ಸ್ಥಾಪಕ ಮುಸ್ತಫಾ ಕೆಮಾಲರಿಗೇ ಸಲ್ಲಿಸುವುದು ಸರಿಯೇ? ಇಂದಿನ ರಾಜಕಾರಣದಲ್ಲಿ ಅದರ ಪ್ರಭಾವವೇನು? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಮಧ್ಯ ಏಷ್ಯಾ ಅಭ್ಯಾಸಿ):
ಕೆಮಾಲರು ಅಧಿಕಾರಕ್ಕೆ ಬರುವ ಮೊದಲೇ, ಅದೂ ಬಹುಮಟ್ಟಿಗೆ ಸಾಮ್ರಾಜ್ಯದ ಗಡಿಯಾಚೆ, ಈ ವಿಚಾರ ಬೇರುಬಿಟ್ಟಿತ್ತು. ರಷ್ಯದ ಆಳ್ವಿಕೆಯಲ್ಲಿದ್ದ ಕ್ರಿಮಿಯಾದಲ್ಲಿ ಇಸ್ಮಾಯಿಲ್ ಗ್ಯಾಸ್ಪ್ರಿನ್ಸ್ಕಿ 1883ರಲ್ಲಿ ‘ತೆರ್ಜುಮಾನ್’ ಪತ್ರಿಕೆಯನ್ನು ಆರಂಭಿಸಿ, ತುರ್ಕಿಕ್ ನುಡಿಗಳನ್ನಾಡುವ ಎಲ್ಲರಿಗೂ ಅರ್ಥವಾಗುವಂಥ ಒಂದು ಬರವಣಿಗೆಯ ಭಾಷೆಗಾಗಿ ದುಡಿದರು. ವೋಲ್ಗಾ ತೀರದ ತಾತಾರ ಮನೆತನದ ಯೂಸುಫ್ ಅಕ್ಚುರಾ 1904ರಲ್ಲಿ ಕೈರೋದ ಪತ್ರಿಕೆಯೊಂದರಲ್ಲಿ ಆಟೊಮನ್ ಐಕ್ಯ, ಇಸ್ಲಾಮಿನ ಐಕ್ಯ, ತುರ್ಕರ ಐಕ್ಯ ಎಂಬ ಮೂರು ದಾರಿಗಳನ್ನು ತೂಗಿ ನೋಡಿ, ಮೊದಲನೆಯದು ಕೈಗೂಡುವ ಮಾತಲ್ಲವೆಂದು ಬರೆದರು. ದಿಯಾರ್‌ಬಕಿರ್‌ನಲ್ಲಿ ಹುಟ್ಟಿದ ಜಿಯಾ ಗೋಕಾಲ್ಪ್, ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್‌ರಿಂದ ಪ್ರಭಾವಿತರಾಗಿ, ರಾಷ್ಟ್ರವನ್ನು ಕಟ್ಟುವುದು ರಕ್ತಸಂಬಂಧವಲ್ಲ, ಸಂಸ್ಕೃತಿ ಮತ್ತು ಶಿಕ್ಷಣ ಎಂದು ವಾದಿಸಿದರು.

ಆದರೆ ಕೆಲವೇ ವಿದ್ಯಾವಂತರ ಚರ್ಚೆಯಾಗಿದ್ದುದನ್ನು ರಾಜ್ಯದ ನೀತಿಯನ್ನಾಗಿಸಿದ್ದು ಸೋಲು. 1912–13ರ ಬಾಲ್ಕನ್ ಯುದ್ಧಗಳಲ್ಲಿ ಯುರೋಪಿನ ನೆಲವೆಲ್ಲ ಬಹುಪಾಲು ಕೈತಪ್ಪಿತು. ಮುಸ್ಲಿಂ ನಿರಾಶ್ರಿತರು ಇಸ್ತಾಂಬುಲ್‌ಗೂ ಈಗಿನ ಟರ್ಕಿಯ ಏಷ್ಯಾ ಭಾಗವಾದ ಅನಾತೋಲಿಯಾಕ್ಕೂ ಬಂದು ತುಂಬಿಕೊಂಡರು. ಉಳಿದ ನೆಲವಾದರೂ ನಮ್ಮದಾಗಿಯೇ ಇರಬೇಕೆಂಬ ಹಟ ಆಳುವವರಲ್ಲಿ ಬಲಿಯಿತು. 1915ರಲ್ಲಿ ಆರ್ಮೇನಿಯನ್ನರ ಗಡೀಪಾರು ಮತ್ತು ಸಾಮೂಹಿಕ ಹತ್ಯೆ ನಡೆದದ್ದು ಈ ಹಿನ್ನೆಲೆಯಲ್ಲಿ. ಅದನ್ನು ಬದಿಗಿಟ್ಟು ಈ ವಿಚಾರದ ಚರಿತ್ರೆಯನ್ನು ಬರೆಯುವುದು ಅಪ್ರಾಮಾಣಿಕವೆಂದೇ ನನ್ನ ಅಭಿಪ್ರಾಯ.

ಉತ್ತರ 2 (ಅನಾತೋಲಿಯಾ):
ಮೇಲಿನ ಉತ್ತರವನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಗೋಕಾಲ್ಪ್ ಹೇಳಿದ ಸಂಸ್ಕೃತಿಯ ಅಳತೆಗೋಲು ಆಚರಣೆಯಲ್ಲಿ ಧರ್ಮದ ಅಳತೆಗೋಲಾಯಿತು. 1923ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಗ್ರೀಸ್ ಮತ್ತು ಟರ್ಕಿ ಜನವಿನಿಮಯಕ್ಕೆ ಸಹಿ ಹಾಕಿದಾಗ, ಯಾರು ಯಾವ ಭಾಷೆಯನ್ನಾಡುತ್ತಾರೆಂದು ಕೇಳಲೇ ಇಲ್ಲ. ಮನೆಯಲ್ಲಿ ತುರ್ಕಿಯನ್ನೇ ಆಡುತ್ತ, ಅದನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದ ನಡು ಅನಾತೋಲಿಯಾದ ಕಪ್ಪದೋಕಿಯಾದ ಆರ್ಥಡಾಕ್ಸ್ ಕ್ರೈಸ್ತರು ಗ್ರೀಸ್‌ಗೆ ಹೋಗಬೇಕಾಯಿತು. ಗ್ರೀಕ್ ಬಿಟ್ಟು ಬೇರೆ ನುಡಿ ಬಾರದ ಕ್ರೀಟ್ ದ್ವೀಪದ ಎಷ್ಟೋ ಮುಸ್ಲಿಮರು ಆಯ್‌ವಾಲಿಕ್‌ನಂಥ ಊರುಗಳಿಗೆ ಬಂದು ತುರ್ಕರೆನಿಸಿಕೊಂಡರು.

ಪ್ರಶ್ನಿಸಿದವರು:
ಹಾಗಾದರೆ ತಮ್ಮದೇ ನುಡಿಯುಳ್ಳ, ಆದರೆ ಮುಸ್ಲಿಮರೇ ಆಗಿರುವ ಕುರ್ದರ ವಿಷಯದಲ್ಲಿ ತೊಡಕಿರಬಾರದಿತ್ತಲ್ಲವೇ?

ಉತ್ತರ 3 (ಸಂವಿಧಾನ ವಿದ್ಯಾರ್ಥಿ):
ತೊಡಕು ಅಲ್ಲಿಯೇ ಅತಿ ಹೆಚ್ಚಾಯಿತು. ಧರ್ಮದ ದೃಷ್ಟಿಯಿಂದ ಒಳಗಿನವರಾದುದರಿಂದ, ಅದೇ ವರ್ಷದ ಲೋಸಾನ್ ಶಾಂತಿ ಒಪ್ಪಂದವು ಮುಸ್ಲಿಮೇತರರಿಗೆ ಕೊಟ್ಟ ಅಲ್ಪಸಂಖ್ಯಾತರ ಹಕ್ಕುಗಳು ಕುರ್ದರಿಗೆ ದೊರೆಯಲಿಲ್ಲ. ತಮ್ಮ ನುಡಿಯನ್ನು ಬಿಟ್ಟುಕೊಡಲಿ ಎಂಬುದೇ ರಾಜ್ಯದ ನಿರೀಕ್ಷೆಯಾಗಿತ್ತು. 1933ರಿಂದ 2013ರವರೆಗೆ ಪ್ರಾಥಮಿಕ ಶಾಲೆಗಳಲ್ಲಿ ಕುರ್ದ ಮಗುವೂ ‘ನಾನು ತುರ್ಕ’ ಎಂದು ಆರಂಭವಾಗುವ ಪ್ರತಿಜ್ಞೆಯನ್ನು ಹೇಳಬೇಕಿತ್ತು. 1983ರ ಕಾನೂನೊಂದು ಕುರ್ದಿಷ್ ಪ್ರಕಟಣೆಯನ್ನು ನಿಷೇಧಿಸಿತು. 1991ರಲ್ಲಿ ಅದು ರದ್ದಾಯಿತು. ರಾಜ್ಯದೊಡನೆ ಪೌರತ್ವದ ಸಂಬಂಧವುಳ್ಳ ಪ್ರತಿಯೊಬ್ಬರೂ ತುರ್ಕರು ಎನ್ನುವ, 1982ರ ಸಂವಿಧಾನದ 66ನೇ ವಿಧಿ ಈಗಲೂ ಜಾರಿಯಲ್ಲಿದೆ.

ಇನ್ನು ಇಂದಿನ ಪ್ರಭಾವ. ಅಲ್ಪಾರ್ಸ್ಲಾನ್ ತುರ್ಕೇಶ್ 1969ರಲ್ಲಿ ರೂಪಿಸಿದ ರಾಷ್ಟ್ರೀಯವಾದಿ ಚಳವಳಿ ಪಕ್ಷವು, ಇಸ್ಲಾಮೀ ರಾಜಕಾರಣದಿಂದ ಬಂದ ಅಧ್ಯಕ್ಷ ಎರ್ದೊಆನ್‌ರ ಪಕ್ಷದೊಡನೆ 2018ರಿಂದ ಮೈತ್ರಿಯಲ್ಲಿದೆ. 2023ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಶೇಕಡಾ 5ಕ್ಕಿಂತ ಸ್ವಲ್ಪ ಹೆಚ್ಚು ಮತ ಪಡೆದ ರಾಷ್ಟ್ರೀಯವಾದಿ ಸಿನಾನ್ ಓಆನ್‌ರ ಬೆಂಬಲಕ್ಕಾಗಿ ಆಡಳಿತ ಪಕ್ಷ, ವಿರೋಧ ಪಕ್ಷಗಳ ಎರಡೂ ಬಣಗಳು ಹಾತೊರೆದವು. ಕುರ್ದರ ವಿಷಯದಲ್ಲಿ ಬಿಗಿ ನಿಲುವಿಗೆ ಹೆಸರಾದ ರಾಷ್ಟ್ರೀಯವಾದಿ ಚಳವಳಿ ಪಕ್ಷದ ನಾಯಕ ದೆವ್ಲೆತ್ ಬಹ್‌ಚೆಲಿ, ರಾಜ್ಯದ ವಿರುದ್ಧ ಸಶಸ್ತ್ರ ಹೋರಾಟ ನಡೆಸಿದ ಕುರ್ದರ ಸಂಘಟನೆ ಪಿಕೆಕೆಯ ಸ್ಥಾಪಕ, ಸೆರೆಯಲ್ಲಿರುವ ಅಬ್ದುಲ್ಲಾ ಓಜಲಾನ್ ತಮ್ಮ ಸಂಘಟನೆಯನ್ನು ವಿಸರ್ಜಿಸುವಂತೆ 2024ರ ಅಕ್ಟೋಬರ್‌ನಲ್ಲಿ ಕರೆಕೊಟ್ಟರು. 2025ರ ಮೇ ತಿಂಗಳಲ್ಲಿ ಪಿಕೆಕೆ ವಿಸರ್ಜನೆಯನ್ನು ಘೋಷಿಸಿತು. ಮುಂದಿನ ಸಂಧಾನದಲ್ಲಿ 66ನೇ ವಿಧಿಯ ಮಾತುಗಳು ಬದಲಾಗುವವೋ ಇಲ್ಲವೋ ಎಂಬುದನ್ನೇ ನಾನು ಗಮನಿಸುತ್ತಿದ್ದೇನೆ.