ಚೆಕ್ ಕ್ನೆಡ್ಲಿಕ್ ಒಳಗೆ ಗೋಂದು, ಹೊರಗೆ ಸುಕ್ಕು: ತಪ್ಪು ಎಲ್ಲಿ?

ಕದ್ರಿಗುಡ್ಡೆ:
ಚೆಕ್ ದೇಶದ ಹೌಸ್ಕೊವಿ ಕ್ನೆಡ್ಲಿಕ್, ಅಂದರೆ ಬ್ರೆಡ್ ತುಂಡು ಹಾಕಿದ ಉದ್ದ ಕಡುಬು, ನಾನು ಬರೀ ಮೈದಾದಲ್ಲಿ ಮಾಡಿದ್ದು. ಬೇಯುವಾಗ ಚಂದ ಉಬ್ಬುತ್ತದೆ, ತಟ್ಟೆಗೆ ತೆಗೆದ ಕೂಡಲೇ ಸುಕ್ಕುಗಟ್ಟುತ್ತದೆ, ಒಳಗೆ ಅಂಟಂಟು. ಮಾಂಸ ಬೇಡ, ಮೊಟ್ಟೆ ಆಗ್ತದೆ. ಜೊತೆಗೆ ಏನು ಮಾಡಬಹುದು? ಸೆಪ್ಟೆಂಬರಿನಲ್ಲಿ ಆ ಕಡೆ ಹೋಗುವ ಅಂದಾಜೂ ಉಂಟು. ಹೋಟೆಲು, ಕಾಡು ಸುತ್ತುವುದರ ಬಗ್ಗೆ ಗೊತ್ತಿದ್ದವರು ಹೇಳಿ.

ಅಟ್ಟಿನಳಗೆ:
ಇದು ಎರಡು ಬೇರೆ ಬೇರೆ ತಪ್ಪು ಮಾರಾಯ್ರೆ. ಅಂಟು ಬರುವುದು ಹಿಟ್ಟಿನಿಂದ. ಅಲ್ಲಿ ಬಳಸುವ 'ಹ್ರುಬಾ ಮೌಕಾ' ಎಂಬ ಹಿಟ್ಟು ಮುಟ್ಟಿದರೆ ತರಿತರಿ. ಇಲ್ಲಿ 350 ಗ್ರಾಂ ಮೈದಾಕ್ಕೆ 150 ಗ್ರಾಂ ಚಿರೋಟಿ ರವೆ ಬೆರೆಸಿ. 7 ಗ್ರಾಂ ಒಣ ಯೀಸ್ಟ್, ಒಂದು ಸಣ್ಣ ಚಮಚ ಉಪ್ಪು, ಒಂದು ಮೊಟ್ಟೆ, ಉಗುರುಬೆಚ್ಚಗಿನ ಹಾಲು 250 ಮಿ.ಲೀ. ಮಳೆಗಾಲದಲ್ಲಿ ಹಿಟ್ಟೇ ತಣಸಾಗಿರುತ್ತದೆ, ಹಾಲು ಪೂರ್ತಿ ಸುರಿಯಬೇಡಿ. ಹತ್ತು ನಿಮಿಷ ನಾದಿ, ಕೊನೆಗೆ ಎರಡು ದಿನ ಹಳೆಯ ಸಿಹಿಯಿಲ್ಲದ ಪಾವ್ 100 ಗ್ರಾಂ ಸಣ್ಣ ಚೌಕ ಮಾಡಿ ಸೇರಿಸಿ. (ಪಾವ್ ಅಂದೆ. ನಮ್ಮ ಬಾಳೆಹಣ್ಣಿನ ಬನ್ಸ್ ಅಲ್ಲ!)

ಹಿಟ್ಟು ಎರಡರಷ್ಟಾದರೆ ಸಾಕು. ನಮ್ಮ ಸೆಕೆಗೆ 40 ನಿಮಿಷದಲ್ಲಿ ಆಗ್ತದೆ. ಅಲ್ಲಿನ ಪಾಕವಿಧಾನದಲ್ಲಿ ಒಂದು ಗಂಟೆ ಅಂತ ಇದ್ದರೆ ಅದು ತಣ್ಣನೆ ಅಡುಗೆಮನೆಯ ಲೆಕ್ಕ. ಹೆಚ್ಚು ಹುಳಿ ಬಂದರೆ ಬೇಯುವಾಗ ಕುಸಿಯುತ್ತದೆ. 6 ಸೆಂ.ಮೀ. ದಪ್ಪದ ಉರುಳೆ ಮಾಡಿ, ಹತ್ತು ನಿಮಿಷ ಬಿಟ್ಟು, ಅಗಲ ಪಾತ್ರೆಯಲ್ಲಿ ಕುದಿಯುವ ಉಪ್ಪುನೀರಿಗೆ ಹಾಕಿ. ಒಟ್ಟು 20 ನಿಮಿಷ, ಮಧ್ಯೆ ಒಮ್ಮೆ ಮಗುಚಿ. ಇಡ್ಲಿ ಪಾತ್ರೆಯ ಹಬೆಯಲ್ಲಾದರೆ 25. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹನಿ ಬಿದ್ದಲ್ಲೆಲ್ಲ ಒದ್ದೆ.

ಸುಕ್ಕಿಗೆ ಕಾರಣ ಒಳಗೆ ಸಿಕ್ಕಿಬಿದ್ದ ಹಬೆ. ತೆಗೆದ ಕ್ಷಣವೇ ಕಡ್ಡಿಯಿಂದ ನಾಲ್ಕೈದು ಕಡೆ ಚುಚ್ಚಿ. ಕತ್ತರಿಸಲು ಚೂರಿ ಬೇಡ, ಅದು ಅಮುಕುತ್ತದೆ. ಹೊಲಿಗೆ ನೂಲನ್ನು ಅಡಿಯಿಂದ ಸುತ್ತಿ ಮೇಲೆ ಅಡ್ಡ ಎಳೆಯಿರಿ. ಅಲ್ಲಿಯೂ ಹಾಗೆಯೇ.

ಸಬ್ಬಸಿಗೆ:
ಜೊತೆಗೆ ಕೊಪ್ರೊವಾ ಒಮಾಚ್ಕಾ ಮಾಡಿ, ಸಬ್ಬಸಿಗೆ ಸೊಪ್ಪಿನ ಬಿಳಿ ಗಸಿ ಅಂತ ಇಟ್ಕೊಳ್ಳಿ. 40 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ಮೈದಾ ಬಣ್ಣ ಬಾರದ ಹಾಗೆ ಹುರಿದು, ತಣ್ಣನೆ ಹಾಲು ಅರ್ಧ ಲೀಟರ್ ಸ್ವಲ್ಪ ಸ್ವಲ್ಪವೇ ಹಾಕಿ ಗಂಟಾಗದಂತೆ ಕದಡಿ. ಸಣ್ಣ ಉರಿಯಲ್ಲಿ 15 ನಿಮಿಷ ಬೇಯಲೇಬೇಕು, ಇಲ್ಲದಿದ್ದರೆ ಹಸಿಹಿಟ್ಟಿನ ವಾಸನೆ ಹೋಗುವುದಿಲ್ಲ. ಒಲೆ ಆರಿಸಿದ ಮೇಲೆ ಉಪ್ಪು, ಸಕ್ಕರೆ, ವಿನೆಗರ್ ತಲಾ ಒಂದು ಚಮಚ ರುಚಿ ನೋಡಿಕೊಂಡು. ಕುದಿಯುವಾಗ ಹುಳಿ ಬಿದ್ದರೆ ಹಾಲು ಒಡೆದೀತು. ಸೊಪ್ಪು ಕೊನೆಗೆ, ದಂಟು ಬಿಟ್ಟು ಎಲೆ ಮಾತ್ರ. ನಮ್ಮ ಸಬ್ಬಸಿಗೆಯ ಘಾಟು ಜಾಸ್ತಿ, ಅಲ್ಲಿನ ಪಾಕವಿಧಾನದಲ್ಲಿ ಹೇಳಿದ್ದರ ಅರ್ಧ ಸಾಕು. ಮೇಲೆ ಬೇಯಿಸಿದ ಮೊಟ್ಟೆ. ಗಸಿ ಧಾರಾಳ ಇರಲಿ, ನಮ್ಮ ಅಕ್ಕಿ ಕಡುಬು ಪುಂಡಿಗೆ ಹೇಗೋ ಹಾಗೆ.

ಮಲ್ಪೆಗಾಳಿ:
ಹೋಟೆಲಿನ ಪಟ್ಟಿಯಲ್ಲಿ 'ಬೆಜ್‌ಮಸಾ' ಅಂದರೆ ಮಾಂಸವಿಲ್ಲದ್ದು. ಆದರೆ ಸೂಪಿನ ತಳಕ್ಕೆ ಎಲುಬಿನ ನೀರು, ಬ್ರಂಬೊರಾಕ್ ಎಂಬ ಆಲೂಗಡ್ಡೆ ದೋಸೆಗೆ ಹಂದಿ ಕೊಬ್ಬು ಇರಬಹುದು, ಕೇಳಿಯೇ ತಿನ್ನಿ. ತಿನಿಸಿನ ಪಕ್ಕದ ಅಂಕಿಗಳು ಅಲರ್ಜಿಯವು: 1 ಗೋಧಿಯಂಥ ಧಾನ್ಯ, 3 ಮೊಟ್ಟೆ, 7 ಹಾಲು. ಮಾಂಸಕ್ಕೆ ಅಂಕಿಯೇ ಇಲ್ಲ, ಅದನ್ನು ನಂಬಿ ಕೂರಬೇಡಿ. ಒಳಗೆ ಹೋಗುವಾಗ 'ದೊಬ್ರೀ ದೆನ್' (ನಮಸ್ಕಾರ) ಹೇಳುವುದು ಅಲ್ಲಿ ಮರ್ಯಾದೆ. ಮನೆಗೆ ಹೋದರೆ ಚಪ್ಪಲಿ ಹೊರಗೆ, ನಮ್ಮ ಹಾಗೆಯೇ.

ಕಾಡಿನ ದಾರಿ ಕಷ್ಟವಿಲ್ಲ: ಮರಕ್ಕೆ ಮೂರು ಪಟ್ಟೆ ಬಳಿದಿರುತ್ತಾರೆ, ಮೇಲೆ ಕೆಳಗೆ ಬಿಳಿ, ನಡುವೆ ಕೆಂಪು, ನೀಲಿ, ಹಸಿರು ಅಥವಾ ಹಳದಿ. ದಾರಿಗೆ ಗುರುತು ಹಾಕುವುದು 1889ರಿಂದ ಬಂದ ಪದ್ಧತಿ. ಬಣ್ಣ ದಾರಿಯ ಗುರುತು, ಏರಿನ ಕಷ್ಟದ ಲೆಕ್ಕವಲ್ಲ.

ಸೆಪ್ಟೆಂಬರ್ ಅಣಬೆಯ ಕಾಲ. ಸ್ವಂತಕ್ಕೆ ಕೊಯ್ಯಲು ಕಾನೂನೇ ಬಿಡುತ್ತದೆ, ರಕ್ಷಿತ ಜಾಗಗಳನ್ನು ಬಿಟ್ಟು. ಆದರೆ ಕಾರ್ಕಳದ ಗುಂಡನೆ ಕಲ್ಲಣಬೆ ಕಂಡ ಕಣ್ಣು ಅಲ್ಲಿ ಮೋಸಹೋಗುತ್ತದೆ. ಉಂಡೆಯಂಥ ಬಿಳಿ ಎಳೆ ಅಣಬೆ ಮಾರಕ ಜಾತಿಯ 'ಮೊಟ್ಟೆ' ಇರಬಹುದು. ಉದ್ದಕ್ಕೆ ಸೀಳಿದರೆ ಒಳಗೆ ಕೊಡೆಯ ಆಕಾರ ಕಾಣುತ್ತದೆ. ತಿಳಿದವರಿಗೆ ತೋರಿಸದೆ ಒಂದನ್ನೂ ಬಾಣಲೆಗೆ ಹಾಕಬೇಡಿ.

ಕದ್ರಿಗುಡ್ಡೆ:
ಪಾವ್ ಬದಲು ರಸ್ಕ್ ಆದೀತಾ? ಉಳಿದರೆ ಏನು ಮಾಡುವುದು?

ಅಟ್ಟಿನಳಗೆ:
ರಸ್ಕ್ ಬೇಡ, ಸಿಹಿ. ಹಾಲೆಲ್ಲ ಹೀರಿ ಕಲಸಿದ್ದು ಬಿರಿಯುತ್ತದೆ. ಉಳಿದದ್ದನ್ನು ಮಾರನೇ ದಿನ ತುಂಡು ಮಾಡಿ ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಮೇಲೆ ಎರಡು ಮೊಟ್ಟೆ ಒಡೆದು ಹಾಕಿ. ಅಲ್ಲಿ ಅದೇ ಒಂದು ಊಟ, ಪಕ್ಕಕ್ಕೆ ಉಪ್ಪಿನಲ್ಲಿಟ್ಟ ಸೌತೆ.