ಹುಟ್ಟಿದ ಎರಡು ಗಂಟೆಗೆ ಮಗುವಿನ ಸಕ್ಕರೆ 42: ಎದೆಹಾಲು ಸಾಲದೆಂದು ಅರ್ಥವೇ?

ಪ್ರಶ್ನೆ (ಬ್ರಹ್ಮಾವರದಿಂದ):
ಕಳೆದ ವಾರ ಉಡುಪಿಯ ಒಂದು ಆಸ್ಪತ್ರೆಯಲ್ಲಿ ನನಗೆ ದಿನ ತುಂಬಿ ಹೆರಿಗೆಯಾಯಿತು. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೆ. ಎರಡು ಗಂಟೆಯಾದರೂ ಮಗುವನ್ನು ನನ್ನ ಬಳಿ ತಂದಿರಲಿಲ್ಲ. ಆಗಲೇ ಹಿಮ್ಮಡಿ ಚುಚ್ಚಿ ನೋಡಿ, ಸಕ್ಕರೆ 42 ಇದೆ, ನಿಮಗೆ ಹಾಲು ಇಳಿದಿಲ್ಲ ಎಂದು ಡಬ್ಬಿಹಾಲು ಕುಡಿಸಿದರು. ಜೇನು ನೆಕ್ಕಿಸಿದ್ದರೆ ಸಾಕಿತ್ತು ಎಂದು ಅತ್ತೆಯವರು ಹೇಳುತ್ತಾರೆ. ಕೊರತೆ ನನ್ನ ಹಾಲಿನದೇ?

ಉತ್ತರ 1 (ಸುರತ್ಕಲ್, ಇಬ್ಬರು ಮಕ್ಕಳ ತಾಯಿ):
ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಎಲ್ಲ ಮಕ್ಕಳಲ್ಲೂ ಸಕ್ಕರೆ ಇಳಿದು, ಒಂದೆರಡು ಗಂಟೆಯ ಬಳಿಕ ತಾನಾಗಿ ಏರತೊಡಗುತ್ತದೆ. ಎದೆಹಾಲಿನ ಮಕ್ಕಳಲ್ಲಿ ಅಂಕಿ ತುಸು ಕಡಿಮೆಯಿದ್ದರೂ ಕೊಬ್ಬಿನಿಂದ ಹುಟ್ಟುವ ಕೀಟೋನ್ ಮಿದುಳಿಗೆ ಆಹಾರವಾಗುತ್ತದೆ. ಪರೀಕ್ಷೆಯೇ ಬೇಕಿರಲಿಲ್ಲ.

ಉತ್ತರ 2 (ನವಜಾತ ಶಿಶು ವಿಭಾಗದ ನರ್ಸ್, ಮಂಗಳೂರು):
ಸುರತ್ಕಲ್‌ನವರ ಮಾತು ದಿನ ತುಂಬಿದ, ಬೇರೆ ತೊಂದರೆಯಿಲ್ಲದ ಮಗುವಿಗೆ ಸರಿ, ಈ ಮಗುವಿಗಲ್ಲ. ತಾಯಿಯ ಹೆಚ್ಚುವರಿ ಸಕ್ಕರೆ ಮಾಸು ದಾಟಿ ಬರುವುದರಿಂದ ಮಗು ಹೊಟ್ಟೆಯಲ್ಲಿರುವಾಗಲೇ ಹೆಚ್ಚು ಇನ್ಸುಲಿನ್ ತಯಾರಿಸುತ್ತಿರುತ್ತದೆ. ಹುಟ್ಟಿದೊಡನೆ ಸಕ್ಕರೆಯ ಪೂರೈಕೆ ನಿಂತರೂ ಇನ್ಸುಲಿನ್ ಉಳಿದಿರುತ್ತದೆ, ಮತ್ತು ಅದೇ ಇನ್ಸುಲಿನ್ ಕೀಟೋನ್ ಹುಟ್ಟುವುದನ್ನೂ ತಡೆಯುತ್ತದೆ. ಆದ್ದರಿಂದ ಪರೀಕ್ಷೆ ಅಗತ್ಯವೇ ಆಗಿತ್ತು. ತಪ್ಪಿದ್ದು ಅದಕ್ಕೂ ಮೊದಲು: ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಸಕ್ಕರೆ ನೋಡಬೇಕಿತ್ತು. ಏನೂ ಕುಡಿಯದ ಮಗುವಿನಲ್ಲಿ ಎರಡನೆಯ ಗಂಟೆಗೆ 42 ಬಂದರೆ ಅದು ತಾಯಿಯ ಹಾಲನ್ನು ಅಳೆದಂತೆ ಹೇಗಾದೀತು? ಲಕ್ಷಣಗಳಿಲ್ಲದಿದ್ದರೆ ಅದು ಹಾಲು ಕೊಟ್ಟು ಮತ್ತೆ ನೋಡಬೇಕಾದ ಅಂಕಿ, ಅಷ್ಟೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2011ರ ಮಾರ್ಗಸೂಚಿಯಂತೆ, ಮೊದಲ ನಾಲ್ಕು ಗಂಟೆಗಳಲ್ಲಿ ಹಾಲು ಕುಡಿಸಿದ ಮೇಲೂ 25ಕ್ಕಿಂತ ಕೆಳಗಿದ್ದರೆ ಡ್ರಿಪ್ ಹಾಕಬೇಕಾಗುತ್ತದೆ.

ಮೊದಲ ದಿನ ಒಂದು ಸಲಕ್ಕೆ ಒಂದು ಚಮಚೆಯಷ್ಟು ಹಳದಿ ಹಾಲು ಬಂದರೂ ಸಾಕು. ಮಗು ಚೀಪದಿದ್ದರೆ ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ಒಳಲೆಯ ತಳದಲ್ಲಿ ನಾಲ್ಕು ಹನಿ ಕಂಡು ಅಳುವ ಬಾಣಂತಿಯರನ್ನು ದಿನವೂ ನೋಡುತ್ತೇನೆ. ಜೇನು ಮಾತ್ರ ಬೇಡವೇ ಬೇಡ. ಅದರಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಇರಬಹುದಾದ್ದರಿಂದ ವರ್ಷ ತುಂಬುವವರೆಗೆ ಕೊಡಬಾರದೆಂದು ಅತ್ತೆಯವರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು:
ಉಪಕಾರವಾಯಿತು. ಆಮೇಲಿನ ಅಂಕಿಗಳೆಲ್ಲ 50ರ ಮೇಲಿದ್ದವು. ಬಟ್ಟೆ ಬದಲಿಸುವಾಗ ಒಮ್ಮೊಮ್ಮೆ ಮಗುವಿನ ಕೈ ನಡುಗುತ್ತದೆ, ಇದಕ್ಕೂ ಸಕ್ಕರೆಯೇ ಕಾರಣವೇ?

ಉತ್ತರ 2ರವರು:
ಕೈಯನ್ನು ಮೆಲ್ಲನೆ ಹಿಡಿದೊಡನೆ ನಡುಕ ನಿಂತು, ಮಗು ಎಚ್ಚರವಾಗಿದ್ದು ಕುಡಿಯುತ್ತಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿ. ಹಿಡಿದರೂ ನಿಲ್ಲದಿದ್ದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ತುಟಿ ನೀಲಿಯಾದರೆ ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.